ಸವಕಲು ಲೆಕ್ಕ

ದುರ್ಗಿಗುಡಿಯ ಅಡ್ಡರಸ್ತೆ, ಹೊಲಿಗೆಯ ಹಾಲೇಶಿಯ ಪಕ್ಕ,
ಎಂಟಡಿಗೆ ಆರಡಿ ನನ್ನ ಅಂಗಡಿ.
ಮದುವೆಗಳು ಮುಗಿದ ಜೂನಿನಲ್ಲಿ
ಬ್ಯಾಂಡ್‌ಸೆಟ್ಟಿನ ಹಿತ್ತಾಳೆಯೆಲ್ಲ
ಇಲ್ಲಿ ಬಂದು ಮಲಗುತ್ತದೆ.
ನನಗೆ ರಾಗ ಗೊತ್ತಿಲ್ಲ.
ಸವೆತ ಗೊತ್ತು.

ಮೊದಲು ಬಂದದ್ದು ಪಾಸ್ಕು ರೆಬೆಲ್ಲೊನ ಸ್ಯಾಕ್ಸೋಫೋನು.
ಒಂದು ಕೀಲಿಯನ್ನೂ ಬಿಟ್ಟಿಲ್ಲ ಪುಣ್ಯಾತ್ಮ,
ಚರ್ಮದ ಪ್ಯಾಡೆಲ್ಲ ಹರಿದು, ಸ್ಪ್ರಿಂಗೆಲ್ಲ ಸುಸ್ತು,
ಕಿರುಬೆರಳ ಕೀಲಿಗೂ ನುಣುಪು ಬಂದಿದೆ.
‘ಬೀಬಾಪ್ ಕಣೋ ಇದು, ಹುಲಿಕಲ್ ಘಾಟಿ ಇಳಿದ ಹಾಗೆ.
ಎರಡೆಣಿಸುವುದರೊಳಗೆ ತಿರುವು,
ತಿರುವಿಗೊಂದು ಗೇರು,
ತಪ್ಪಿದರೆ ಕಮರಿ.’
ರಿಪೇರಿಯಾದ ದಿನ ನಿಂತಲ್ಲೇ ಊದಿದ.
ಪುರಿಭಟ್ಟಿಯ ಬಾಣಲೆ!
ಮರಳು ಯಾವುದು, ಸಿಡಿದ ಕಾಳು ಯಾವುದು,
ಹಾಲೇಶಿಯ ಯಂತ್ರ ಅರ್ಧ ತೋಳಿನಲ್ಲಿ ನಿಂತಿತು.

ವಾರದ ಮೇಲೆ ಭದ್ರಾವತಿಯ ದ್ಯಾವಣ್ಣ,
ಮುಚ್ಚಿದ ಕಾಗದದ ಕಾರ್ಖಾನೆಯವನು.
‘ನಮ್ಮದು ಮೋಡಲ್’ ಅಂದ.
ನನಗೆ ಮೋಡ ಅಂತ ಕೇಳಿಸಿತು,
ಅವನು ತಿದ್ದಲಿಲ್ಲ.
ಸವೆದದ್ದು ಐದೇ ಕೀಲಿ.
ಉಳಿದವಕ್ಕೆ ಬೂಷ್ಟು, ಹಸಿರು ಕಿಲುಬು.
‘ಐದು ಮಾಡ್ತೀನಿ, ಐದರ ದುಡ್ಡು ಕೊಡು.’
‘ಎಲ್ಲಾ ಮಾಡು.’
‘ಊದೋದೇ ಇಲ್ಲವಲ್ಲ ಮಾರಾಯ!’
‘ಊದಲ್ಲ. ಮಾಡು.’

ರಾತ್ರಿ ಶಟರ್ ಎಳೆದು, ದೀಪ ಆರಿಸಿ
ಕೊಳವೆಯೊಳಗೆ ಸಣ್ಣ ಬಲ್ಬು ಇಳಿಸಿದೆ.
ಬೆಳಕು ಸೋರಿದಲ್ಲೆಲ್ಲ ಉಸಿರೂ ಸೋರುತ್ತದೆ,
ನಮ್ಮ ಕಸುಬಿನ ಪರೀಕ್ಷೆ ಅದು.
ಮೇಲಿನ ಮೂರು ಕೀಲಿ, ಅವನು ಜನ್ಮದಲ್ಲಿ ಮುಟ್ಟದವು,
ಅಲ್ಲೇ ಹೊಳೆಯಿತು ಕೂದಲೆಳೆ.
ಅವನಿಗೆ ಬೇಕಾದ ಆ ಕೆಳಗಿನ ಒಂದು ಸ್ವರಕ್ಕೆ
ಇಷ್ಟೂ ಬಾಯಿ ಬಿಗಿಯಾಗಿ ಮುಚ್ಚಿರಬೇಕು.
ಒಂದು ಬಿರಿದರೂ ಅದು ಕೆಮ್ಮುತ್ತದೆ.
ಮೂವತ್ತು ವರ್ಷದಿಂದ ಪ್ಯಾಡು ಅಂಟಿಸುತ್ತಿದ್ದೇನೆ,
ತೆರೆಯುವುದಕ್ಕೆ ಅಂದುಕೊಂಡೇ ಅಂಟಿಸಿದ್ದು.

ಒಯ್ಯಲು ಬಂದವನು ಒಂದೇ ಸ್ವರ ಹಿಡಿದ.
ಹಿಡಿದೇ ಇದ್ದ.
ಬಸ್‌ಸ್ಟ್ಯಾಂಡಿನ ಹಾರ್ನು ಅದರೊಳಗೆ ಬಂದು ಹೋಯಿತು,
ಕುಕ್ಕರಿನ ಸೀಟಿ, ಶಾಲೆ ಬಿಟ್ಟ ಹುಡುಗರು.
ಹಾಲೇಶಿ ಯಂತ್ರ ನಿಲ್ಲಿಸಲೇ ಇಲ್ಲ,
ಅವನ ಹೊಲಿಗೆಯೂ ಅದರೊಳಗೇ ನಡೆಯಿತು.
ಎರಡನೆಯ ಸ್ವರ ಈಗ ಬಂತು, ಈಗ ಬಂತು ಅಂತ
ನಾನು ಇಕ್ಕಳ ಹಿಡಿದು ನಿಂತಿದ್ದೆ.

ಹೆಚ್ಚು ಯಾರದ್ದು, ಕೇಳಬೇಡಿ.
ಪಾಸ್ಕು ಊದಿದ ಮಾರನೆಯ ದಿನವೆಲ್ಲ
ನನ್ನ ಬೆರಳು ಮೇಜಿನ ಮೇಲೆ ಓಡುತ್ತಿತ್ತು.

ಇಬ್ಬರಿಗೂ ಒಂದೇ ಬಿಲ್ಲು ಬರೆದೆ.
ಪಾಸ್ಕು ಅರ್ಧಗಂಟೆ ಚೌಕಾಸಿ ಮಾಡಿ ಪೂರ್ತಿ ಕೊಟ್ಟಿದ್ದ.
ದ್ಯಾವಣ್ಣ ಮಾತಾಡದೆ ಮಡಿಸಿದ ನೋಟು ಇಟ್ಟು ಹೋದ.
ಆಮೇಲೆ ಎಣಿಸಿದೆ:
ಹತ್ತು ರೂಪಾಯಿ ಕಡಿಮೆ.