ಏಳನೆಯ ಬೊಗಸೆ

ಚಳ್ಳಕೆರೆಯ ಮಂಡಿಯಲ್ಲಿ ಅಳೆಯುವವನು
ಒಂದು ಅನ್ನುತ್ತಿರಲಿಲ್ಲ, ಲಾಭ ಅನ್ನುತ್ತಿದ್ದ.
ಲಾಭ, ಎರಡು, ಮೂರು.
ಲಾಭ ಯಾರದೆಂದು ಕೇಳುವ ರೂಢಿ
ಶೇಂಗಾ ಸುಲಿಯಲು ಕೂತ ಹೆಂಗಸರಿಗೆ ಇರಲಿಲ್ಲ.

ಅಜ್ಜಿ ಪಾಲಕ್ಕನಿಗೆ ಇತ್ತು.
ಓದು ಬಾರದು, ಗಡಿಯಾರ ನೋಡಲು ಬಾರದು,
ಹೆಬ್ಬೆರಳ ಉಗುರು ಸವೆದು ಚರ್ಮಕ್ಕೆ ಇಳಿದಿತ್ತು.
ಸಿಪ್ಪೆ ಚಟ್ ಅಂದರೆ ಸಾಕು,
ಒಳಗೆ ಎರಡೋ, ಮೂರೋ, ಜೊಳ್ಳೋ
ನೋಡದೆ ಹೇಳುವಳು.
ಅವಳ ಕೈಯಲ್ಲಿ ಆರು ಬೊಗಸೆ ಬೀಜ ಒಂದು ಸೇರು.
ಮನೆಯ ಸೇರಿಗೂ ಆರು, ಸಂತೆಯ ಸೇರಿಗೂ ಆರು,
ಸಾಹುಕಾರರ ಸೇರಿಗೆ ಮಾತ್ರ ಏಳು.

ಮೂರು ವರ್ಷ ಆ ಏಳನೆಯದನ್ನು ಸುಮ್ಮನೆ ಸುರಿದಳಂತೆ.
ಕಡೆಗೊಂದು ದಿನ
ಮಡಿಲಲ್ಲಿ ಮನೆಯ ಸೇರು ಬಚ್ಚಿಟ್ಟುಕೊಂಡು ಹೋಗಿ
ಎಲ್ಲರ ಮುಂದೆ ತುಂಬಿ, ತಲೆ ಸವರಿ,
ಅವರದರೊಳಗೆ ಬಗ್ಗಿಸಿದಳು.
ತುಂಬಲಿಲ್ಲ. ಎರಡು ಬೆರಳು ಕಡಿಮೆ.
"ಏಳು" ಅಂದಳು.
ಲೆಕ್ಕ ಹೇಳಿದಳೋ,
ಪಕ್ಕದವಳಿಗೆ ಎದ್ದೇಳು ಅಂದಳೋ,
ನಮ್ಮ ಕೇರಿಯಲ್ಲಿ ಈಗಲೂ ಜಗಳವಿದೆ.
ಹದಿನಾಲ್ಕು ಜನ ಸೆರಗು ಕೊಡವಿ ಎದ್ದರು.
ಮೂರನೆಯ ದಿನ ಒಂಬತ್ತು ಜನ ಮರಳಿ ಬಂದು ಕೂತರು.
ಅದನ್ನೂ ಹೇಳಬೇಕು, ಅಜ್ಜಿ ಹೇಳುತ್ತಿದ್ದಳು:
"ಹಸಿದೋರ್ನ ಬೈಬಾರ್ದು ಕಣಮ್ಮಿ."

ಸೋದರತ್ತೆ ಬೋಸಕ್ಕ ಬೇರೆ ಥರ.
ಎಣ್ಣೆಮಿಲ್ಲಿನಲ್ಲಿ ಹಿಂಡಿ ಹೊರುವವಳು,
ಅವಳಿಗಿಂತ ಮೊದಲು ಅವಳ ವಾಸನೆ ಬಾಗಿಲಿಗೆ ಬರುತ್ತಿತ್ತು.
ನನ್ನನ್ನು ಒಂದು ದಿನಕ್ಕೂ ಹೊಗಳಿದವಳಲ್ಲ.
ಗಣಿತದಲ್ಲಿ ತೊಂಬತ್ತಾರು ಬಂದಾಗ
"ಇನ್ನ ನಾಕು ಯಾರ್ ತಿಂದ್ರು?" ಅಂದಳು.
ಆಮೇಲೆ ಗೊತ್ತಾಯಿತು, ಆ ಅಂಕಪಟ್ಟಿಯನ್ನು
ಮಿಲ್ಲಿನ ಗುಮಾಸ್ತನಿಗೆ, ಟೀ ಅಂಗಡಿಯವನಿಗೆ,
ಲಾರಿಯ ಕ್ಲೀನರಿಗೂ ತೋರಿಸಿ ತಂದಿಟ್ಟಿದ್ದಳು.
ಮೂಲೆಯಲ್ಲಿ ಹೆಬ್ಬೆಟ್ಟಿನಗಲ ಎಣ್ಣೆಕಲೆ.
ಬೆಳಕಿಗೆ ಹಿಡಿದರೆ ಅಲ್ಲಿ ಕಾಗದದ ಆಚೆ ಕಾಣುತ್ತದೆ.

ಅವ್ವನ ವಿಷಯ ಬರೆಯುವುದು ಕಷ್ಟ.
ಸೂರಮ್ಮ, ಬಳ್ಳಾರಿ ಬಸ್ಸುಗಳ ಕಿಟಕಿಗೆ
ಕೈ ಎತ್ತಿ ಹುರಿದ ಶೇಂಗಾ ಕೊಡುತ್ತಿದ್ದವಳು.
ಅವಳ ಪಾವಿನ ತಳದಲ್ಲಿ ಅರ್ಧ ಬೆರಳು ಮೇಣವಿತ್ತು.
ಹತ್ತು ವರ್ಷದವಳಿದ್ದಾಗ ತೊಳೆಯಲು ಹೋಗಿ ನೋಡಿದೆ.
ಪಾವು ಕಿತ್ತುಕೊಂಡಳು, ಏನೂ ಹೇಳಲಿಲ್ಲ.
ಆ ರಾತ್ರಿ ಅಜ್ಜಿಯ ಮುಖ ನೋಡದೆ ಮುದ್ದೆ ಬಡಿಸಿದಳು.
ಅಜ್ಜಿಯೂ ತಲೆ ಎತ್ತದೆ ಉಂಡಳು,
ಗೊತ್ತಿತ್ತೋ ಏನೋ.
ನನ್ನ ಜಾಮೆಟ್ರಿ ಬಾಕ್ಸು, ಬಿ.ಎಸ್ಸಿ ಫೀಜು,
ದುರ್ಗದ ಹಾಸ್ಟೆಲಿಗೆ ಕಳಿಸಿದ ಚಟ್ನಿಪುಡಿ
ಎಲ್ಲ ಆ ಮೇಣದ ಮೇಲೆ ನಿಂತಿದ್ದವು.

ಈಗ ನಾನು ತೂಕ ಅಳತೆಯ ಇನ್ಸ್‌ಪೆಕ್ಟರು.
ಜೀಪಿನಲ್ಲಿ ಹಿತ್ತಾಳೆಯ ಬಟ್ಟುಗಳು, ಚೀಲದಲ್ಲಿ ಸರ್ಕಾರದ ಮುದ್ರೆ.
ಅದೇ ಮಂಡಿಗೆ ಹೋದಾಗ ಸಾಹುಕಾರರ ಮೊಮ್ಮಗ
ಕುರ್ಚಿ ಒರೆಸಿ, "ಟೀ ತರಿಸ್ಲಾ ಮೇಡಂ?" ಅಂದ.
ಬೇಡವೆಂದು ಕಾಟಾದ ಮೇಲೆ ಬಟ್ಟು ಇಟ್ಟೆ.
ಸರಿಯಿತ್ತು.
ಸರಿಯಿದ್ದದ್ದಕ್ಕೆ ಯಾಕೋ ಬೇಜಾರಾಯಿತು.
ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಪಾವು ಹಿಡಿದ ಮುದುಕಿ,
ಜೀಪು ನಿಲ್ಲಿಸೆಂದು ಡ್ರೈವರಿಗೆ ಹೇಳಲಿಲ್ಲ.
ತಪ್ಪು. ಗೊತ್ತು.

ಅವ್ವನ ಪಾವು ನನ್ನ ಅಡುಗೆಮನೆಯಲ್ಲಿದೆ, ಮೇಣದ ಸಮೇತ.
ಮುದ್ರೆ ಒತ್ತಿಲ್ಲ, ಜಪ್ತಿಯನ್ನೂ ಮಾಡಿಲ್ಲ.
ಕೆಲವು ಭಾನುವಾರ ಪಕ್ಕದಲ್ಲಿ ಅಜ್ಜಿಯ ಸೇರನ್ನಿಟ್ಟು
ಬೊಗಸೆಯಲ್ಲಿ ಬೀಜ ತುಂಬಿ ನೋಡುತ್ತೇನೆ.
ಐದು,
ಆರು,
ಬಾಯಿಗೆ ಬರುವುದಿಲ್ಲ.
ಏಳು.
ಇನ್ನೂ ಇಲ್ಲ. ನನ್ನ ಕೈ ಚಿಕ್ಕದು.
ಎಲ್ಲ ಮೊರಕ್ಕೆ ಸುರಿದು,
ಬೆರಳು ಅಗಲಿಸಿ, ಮತ್ತೆ ಬಗ್ಗುತ್ತೇನೆ:
ಲಾಭ.