ಯಾರೂ ಕೂರದ ಅಂಗಡಿ

ಐಜಾಲ್ ಬಿಟ್ಟು, ಸೆಲಿಂಗ್ ದಾಟಿದ ಮೇಲೆ
ರಸ್ತೆ ಎರಡು ಸಲ ಮಗ್ಗುಲು ಬದಲಿಸುತ್ತದೆ,
ಮೂರನೆಯದಕ್ಕೆ ನಮ್ಮ ಅಂಗಡಿ.
ನಾಲ್ಕು ಬಿದಿರ ಗಳ, ಒಂದು ತಗಡು,
ಸಾಸಿವೆ ಸೊಪ್ಪಿನ ಕಟ್ಟು, ಸೀಮೆಬದನೆ,
ಹೊಗೆಯಲ್ಲಿ ಒಣಗಿಸಿದ ಹೊಳೆಮೀನು,
ಹಳೆಯ ಶೀಶೆಗಳಲ್ಲಿ ನೆಲ್ಲಿಯ ರಸ.
ರಟ್ಟಿನ ಮೇಲೆ ಇದ್ದಿಲಿನಲ್ಲಿ ಬರೆದ ಬೆಲೆ.
ದುಡ್ಡಿಗೊಂದು ಡಬ್ಬಿ, ಚಿಲ್ಲರೆಗೊಂದು ಡಬ್ಬಿ.
ಮನುಷ್ಯರಿಲ್ಲ.

ಅತ್ತೆ ದಾರ್ಕುಂಗಿಯ ಏರ್ಪಾಡು ಇದು.
ಮದುವೆಯಾಗಿ ಬಂದ ಹೊಸತರಲ್ಲಿ ಕೇಳಿದ್ದೆ:
ಕದ್ದರೆ?
"ಕದ್ದರೆ, ಅವನಿಗೆ ಸೊಪ್ಪು ಬೇಕಿತ್ತು ಅಂತ"
ಎಂದು ಗುದ್ದಲಿ ಹೆಗಲಿಗೇರಿಸಿ ಇಳಿದುಹೋದಳು, ಶುಂಠಿಯ ಓಳಿಗೆ.
ನಾನು ನಗಲಿಲ್ಲ.
ಲುಂಗ್ಲೇಯ್ ಪೇಟೆಯಲ್ಲಿ ಬೆಳೆದವಳು ನಾನು,
ನಮ್ಮಪ್ಪ ತಕ್ಕಡಿಯ ಮೇಲೆ ಒಂದು ಕಣ್ಣಿಟ್ಟೇ ಪ್ರಾರ್ಥಿಸುತ್ತಿದ್ದ.

ಅನ್ನಕ್ಕಿಡುವ ಮುನ್ನ ಒಂದು ಹಿಡಿ ಅಕ್ಕಿ
ದೇವರದೆಂದು ಬೇರೆ ತೆಗೆದಿಡುವುದು ಇಲ್ಲಿ ಎಲ್ಲ ಮನೆಯ ರೂಢಿ.
ವಾರಕ್ಕೊಮ್ಮೆ ಹೆಂಗಸರು ಬಂದು ಚರ್ಚಿಗೆ ಒಯ್ಯುತ್ತಾರೆ.
ಅತ್ತೆಯ ಬೆರಳು ವಾತಕ್ಕೆ ಸೊಟ್ಟಗಾಗಿವೆ, ಮುಷ್ಟಿ ಮುಚ್ಚುವುದಿಲ್ಲ,
ಅದಕ್ಕೇ ಎರಡೂ ಕೈ ಸೇರಿಸಿ ಬೊಗಸೆ ಹಾಕುತ್ತಾಳೆ.
ನನ್ನ ಮುಷ್ಟಿ ಚೆನ್ನಾಗಿ ಮುಚ್ಚುತ್ತದೆ.
ಜುಲೈ ತಿಂಗಳಲ್ಲಿ ಇನ್ನೂ ಚೆನ್ನಾಗಿ.

ಹೋದ ಅಕ್ಟೋಬರಿನಲ್ಲಿ ಡಬ್ಬಿಯೇ ಹೋಯಿತು.
ದುಡ್ಡಷ್ಟೇ ಅಲ್ಲ, ಡಬ್ಬಿ. ಜೊತೆಗೆ ಮೂರು ಕುಂಬಳ.
ಗಂಡ ಕ್ಯಾಮರಾ ಅಂದ, ನಾನು ಬೀಗ ಅಂದೆ.
ಬೀಗ ಯಾವುದಕ್ಕೆ, ಗೋಡೆಯೇ ಇಲ್ಲವಲ್ಲ ಅಂತ
ಹತ್ತು ವರ್ಷದ ರೆಮ್ರುವಾತ ಅಂದ.
ಅತ್ತೆ ಏನೂ ಅನ್ನದೆ
ಹಾಲುಪುಡಿಯ ಡಬ್ಬಿ ತೊಳೆದು, ಒರೆಸಿ,
ಸೊಂಟದ ಗಂಟು ಬಿಚ್ಚಿ ಎಂಬತ್ತು ರೂಪಾಯಿ ಚಿಲ್ಲರೆ ಹಾಕಿದಳು.
"ದೊಡ್ಡ ನೋಟು ತರುವವರು ಏನು ಮಾಡಬೇಕು, ಪಾಪ."

ನನಗೆ ರೇಗಿತು.
ದಾರಿಹೋಕರನ್ನೆಲ್ಲ ನಂಬಬೇಕು ಅಂತ
ಎಲ್ಲಿ ಬರೆದಿದೆ, ತೋರಿಸು ಅಂದೆ.
ಅವಳು ಬುಟ್ಟಿಯಿಂದ ನಾನು ಬೆಳಿಗ್ಗೆ ಕಟ್ಟಿದ್ದ ಸೊಪ್ಪು ತೆಗೆದು
ಬಾಳೆನಾರು ಬಿಚ್ಚಿದಳು. ಮೇಲೆಲ್ಲ ಹಸಿರು. ಒಳಗೆ
ನಾನು ಅಡಗಿಸಿದ್ದ ಹಳದಿ ಎಲೆ, ಹುಳ ತಿಂದದ್ದು,
ಒಂದು ಕೊಳೆತ ದಂಟು.
ಒಂದೊಂದಾಗಿ ಚಾಪೆಯ ಮೇಲಿಟ್ಟಳು,
ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ, ಮುಖ ಎತ್ತದೆ.
"ಕೊಳ್ಳುವವನೂ ಒಬ್ಬನೇ ಇರುತ್ತಾನೆ ಅಲ್ಲಿ.
ಕೇಳೋಣವೆಂದರೆ ಯಾರೂ ಇಲ್ಲ.
ನಮ್ಮನ್ನು ನಂಬಿಯೇ ದುಡ್ಡು ಹಾಕಿ ಹೋಗುತ್ತಾನೆ."
ಅಷ್ಟೆ. ಬೈಬಲ್ಲು ತೆಗೆಯಲಿಲ್ಲ.
ಚಹಾ ಉಕ್ಕಿತು, ಇಬ್ಬರೂ ಎದ್ದೆವು.

ಅಂದು ರಾತ್ರಿ ಟಾರ್ಚಿಟ್ಟುಕೊಂಡು
ಇಪ್ಪತ್ತಾರು ಕಟ್ಟು ಬಿಚ್ಚಿ ಮತ್ತೆ ಕಟ್ಟಿದೆ.
ಹದಿನೇಳಾಯಿತು. ಉಳಿದದ್ದು ಹಂದಿಗೆ.
ಮೇಲಿನ ಬೀದಿಯಲ್ಲಿ ಚರ್ಚಿನ ಡೋಲು ಬಡಿಯುತ್ತಿತ್ತು.
ನಾನು ಹೋಗಲಿಲ್ಲ. ನಾರು ಮುಗಿದಿತ್ತು,
ಹಳೆಯ ಲಂಗದ ಅಂಚು ಹರಿಯುತ್ತ ಕೂತಿದ್ದೆ.

ಕಳ್ಳ ಸಿಗಲಿಲ್ಲ. ಡಬ್ಬಿ ಬರಲಿಲ್ಲ.
ಕತೆಯಲ್ಲಾಗಿದ್ದರೆ ಚೀಟಿ ಬರೆದಿಟ್ಟು ಅಳುತ್ತಿದ್ದ.
ಮಾರ್ಚಿನಲ್ಲಿ ಇನ್ನೊಮ್ಮೆ ಮೀನು ಹೋಯಿತು.
ಶಿಷ್ಯಳಾಗುವುದು ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ,
ಹದಿನಾರರಲ್ಲಿ, ಹೊಳೆಯ ನೀರಲ್ಲಿ ಮುಳುಗಿ ಎದ್ದ ದಿನವೇ
ಮುಗಿಯಿತು ಅಂತ.
ಈಗಲೂ ಸಂಜೆ ಎಣಿಸುತ್ತೇನೆ, ಕಟ್ಟು ಇಷ್ಟು, ನೋಟು ಇಷ್ಟು,
ಕಡಿಮೆ ಬಂದರೆ ಹೊಟ್ಟೆಯೊಳಗೆ
ಅಪ್ಪನ ತಕ್ಕಡಿ ಅಲ್ಲಾಡುತ್ತದೆ.

ಇಗೋ, ಇಳಿಜಾರಿನಲ್ಲಿ ಶುಂಠಿಗೆ ಮಣ್ಣೇರಿಸುತ್ತಿದ್ದೇನೆ.
ಮೇಲೆ ಲಾರಿಯೊಂದು ನಿಂತಿತು. ಬಾಗಿಲು ತೆರೆದ ಸದ್ದು.
ಹಾರ್ನು, ಒಂದೇ ಸಲ, ಯಾರಾದರೂ ಇದ್ದೀರಾ ಎಂಬಂತೆ.
ನಾಲ್ಕು ಹೆಜ್ಜೆ ಹತ್ತಿದರೆ ಎಲ್ಲ ಕಾಣುತ್ತದೆ.
ಕತ್ತು ತಾನಾಗಿ ತಿರುಗುತ್ತದೆ,
ಹಿಡಿದು ಮಣ್ಣಿಗೆ ತರುತ್ತೇನೆ.
ಅತ್ತೆ ಕೆಳಗಿನ ಓಳಿಯಲ್ಲಿ ಬಗ್ಗಿದ್ದಾಳೆ, ಅವಳಿಗೆ ಕೇಳಿಸಿಯೇ ಇಲ್ಲ,
ಅಥವಾ ಕೇಳಿಸಿದೆ.
ಡಬ್ಬಿಯ ಮುಚ್ಚಳ ಟಣ್ ಅಂತು.
ಹಾಕಿದ್ದೋ, ತೆಗೆದದ್ದೋ.
ಇನ್ನೂ ಒಂದು ಓಳಿ ಇದೆ, ಕತ್ತಲಾಗುವ ಮೊದಲು.