ಐದು ತುಂಡು ಹಲಗಿ, ಅಗೊಂದಾ

ಏಳು ದಿನ ಆತು ಅರ್ಮಿಂದಾ ಬಾಯಿ,
ನಿಮ್ಮ ಮಾತು ತಲಿಯಾಗ ಮೊಳಿ ಹೊಡದಂಗ ನಿಂತು:
"ಮೌನೇಶಾ, ಯಾವ ಹಲಗಿ ಹಾಸಿದ್ರ ಪಾಪ ಕಡಿಮಿ?"
ರೇಟು ಕೇಳಾವ್ರನ್ನ ಕಂಡೇನಿ, ಬಾಳಿಕಿ ಕೇಳಾವ್ರನ್ನ ಕಂಡೇನಿ,
ಪಾಪ ಕೇಳಿದಾವ್ರು ನೀವ ಮೊದಲು.
ನನ್ನ ಕೊಂಕಣಿ ಅರ್ಧ, ನಿಮ್ಮ ಕನ್ನಡ ಕಾಲು.
ಅದಕ್ಕ ತುಂಡು ತಂದೇನಿ. ಅವ ಮಾತಾಡ್ಲಿ.

ಇದು ಸಾಗವಾನಿ. ಮೂಸಿ ನೋಡ್ರಿ, ಚರ್ಮದ ವಾಸನಿ.
ಗೆರಿ ಎಣಿಸೀನಿ, ಐವತ್ತೆರಡು. ನನಗಿಂತ ಆರು ವರ್ಷ ಹಿರೇದು.
ಹಿರ್ಯಾರ ಎದಿ ಮ್ಯಾಲ ಕುರ್ಚಿ ಹಾಕಿ
ಬಿಯರ್ ಕುಡಿಯೂದು ನನಗೇನೋ ಒಗ್ಗಲಿಲ್ಲ.

ಇದು ಬ್ರೆಜಿಲ್ಲಿಂದ ಹಡಗ ಹತ್ತಿ ಬಂದದ್ದು.
ನೀರಾಗ ಒಗದ್ರ ಕಲ್ಲಿನಂಗ ಮುಳಗತೈತಿ,
ಗರಗಸದ ಎರಡು ಹಲ್ಲು ತಿಂತು.
ಯಾವ ಕಾಡು, ಯಾರ ಕೊಡ್ಲಿ, ಬಿಲ್ಲಿನ್ಯಾಗ ಬರದಿಲ್ಲ.
ಬರೇ ಒಂದು ಸಿಕ್ಕಾ ಐತಿ, ಎಲಿ ಚಿತ್ರದ್ದು.

ಈ ಹಸರು ಮುಸುಕಿದ್ದು ಪೈನ್, ಔಷಧ ಕುಡಿದದ್ದು.
ಇದರ ಚಕ್ಕಿ ಒಲಿಗೆ ಬ್ಯಾಡ ಅಂದಿದ್ದೆ.
ನಮ್ಮ ಹುಡುಗ ಈರಪ್ಪ ಅದರಲ್ಲೇ ಚಾ ಕಾಸಿದ,
ಎರಡ ದಿನ ಗಂಟಲ ಉರಿ ಅಂತ ಮಲಗಿದ.

ಇದು ನೋಡ್ರಿ, ನಿಮ್ಮ ಅಳಿಯ ಫೋಟೊ ಕಳಿಸಿದ್ದು.
ಅರ್ಧ ಕಟಗಿ ಪುಡಿ, ಅರ್ಧ ಹಾಲಿನ ಚೀಲದ ಹಳೇ ಪ್ಲಾಸ್ಟಿಕ್.
ಕೇಳಾಕ ಛಲೋ ಐತಿ. ಮರ ಕಡಿಯೂದಿಲ್ಲ, ಎಣ್ಣಿ ಬ್ಯಾಡ,
ಇಪ್ಪತ್ತೈದು ಮಳಿಗಾಲ ಗ್ಯಾರಂಟಿ.
ನಾ ನಾಕು ಕೊಯ್ತ ಕೊಯ್ದೆ.
ಗಾಳಿ ಬಂತು, ಬೂದಿಬಣ್ಣದ ಪುಡಿ ಹಾರಿ ಸಮುದ್ರಕ್ಕ.
ತಾಡಪತ್ರಿ ಹಾಸಿ ಉಳಿದದ್ದು ಗುಡಿಸಿದೆ, ಒಂದು ಬೊಗಸಿ.
ತೆಂಗಿನ ಪುಡಿ ಆದ್ರ ಕೋಳಿ ಗೂಡಿಗೆ ಹೋಗತೈತಿ,
ಸಾಗವಾನಿ ಪುಡಿ ಒಲಿಗೆ.
ಇದು ಕೋಳಿಗೂ ಬ್ಯಾಡ, ಒಲಿಗೂ ಬ್ಯಾಡ, ಮಣ್ಣಿಗೂ ಬ್ಯಾಡ.
ಗೆದ್ದಲು ಮುಟ್ಟೂದಿಲ್ಲ ಅಂತ ಪಾಕೀಟಿನ ಮ್ಯಾಲ ಹೆಮ್ಮಿಲೆ ಬರದಾರ.
ಗೆದ್ದಲಿಗೆ ಏನೋ ಗೊತ್ತಿರಬೇಕು.
ಆ ಬೊಗಸಿ ಇನ್ನೂ ನನ್ನ ಹತ್ಯಾರ ಪೆಟಗ್ಯಾಗ ಐತಿ.
ಎಲ್ಲಿ ಚೆಲ್ಲಲಿ, ಹೇಳ್ರಿ.

ಕಡೀಕ ಇದು, ತೆಂಗು. ಕಾಯಿ ಬಿಡೂದು ನಿಲ್ಲಿಸಿದ ಮುದಿ ಮರ,
ಗಾಲ್ಜಿಬಾಗದ ಪಾಸ್ಕೋಲ್ ಕಡಿಸಿದ್ದು, ಒಂದ ತಾಸಿನ ಟೆಂಪೊ ಹಾದಿ.
ಹೊರಗ ಕಬ್ಬಿಣ, ಒಳಗ ಕೊಬ್ಬರಿ.
ನಾಕು ಮಳಿಗಾಲ, ಎಣ್ಣಿ ಉಣಿಸಿದ್ರ ಐದು.
ಆಮ್ಯಾಲ ಕೊಳೀತೈತಿ, ಮತ್ತ ನನ್ನ ಕರೀಬೇಕು, ಮತ್ತ ಕೂಲಿ.
ಹಂಗಾಗಿ ನನ್ನ ಮಾತನ್ನ
ಸ್ವಲ್ಪ ತೂಕ ಕಳದ ಕೇಳ್ರಿ.

ಇನ್ನೊಂದ ಐತಿ. ನಿನ್ನಿ ದಾರ ಹಿಡಿದು ಅಳತಿ ತಗೊಂಡೆ, ನಲವತ್ತು ಫೂಟು.
ಮುಂಜಾನೆ ಬಂದು ನೋಡತೇನಿ, ಗೂಟದ ತನಕ ಬಂದು
ಆಮಿ ಹೊಳ್ಳಿ ಹೋದ ಗುರ್ತು,
ಎರಡೂ ಕಡೆ ಹುಟ್ಟು ಹಾಕಿದಂಗ.
ತತ್ತಿ ಇಟ್ಟಿಲ್ಲ.
ನಿಮಗ ಹಲಗಿ ಯಾಕ ಬೇಕು ಬಾಯಿ?
ಕುರ್ಚಿ ಕಾಲು ಉಸುಕಿನ್ಯಾಗ ಹುಗೀತಾವ ಅಂತ, ಅಲ್ಲ?

ತರ್ರಿ ಆ ಕುರ್ಚಿ.
ನಾಕು ತೆಂಗಿನ ಪರಟಿ ಬೋರಲ ಹಾಕೇನಿ.
ಮೆಲ್ಲಕ ಕೂಡ್ರಿ.
ಹಾಂ. ಅಲುಗಾಡಬ್ಯಾಡ್ರಿ, ನೋಡೂಣು.